ಖಾಲಿ ಬಿಡದ ಆಕಾಶ

ಮಸಿಯಲ್ಲಿ ಅದ್ದಿದ ಕುಂಚ ಹಿಡಿದು ಗು ಮೇಷ್ಟ್ರು ಮೇಜಿನ ಸುತ್ತ ಮತ್ತೊಮ್ಮೆ ಬಂದರು. ಚಿತ್ರದ ಬಲ ಮೇಲ್ತುದಿಯಲ್ಲಿ ಅವರ ಪದ್ಯಕ್ಕೆ, ಹೆಸರಿಗೆ, ಕೆಂಪು ಮುದ್ರೆಗೆ ಆಕಾಶವನ್ನು ಖಾಲಿ ಬಿಡುವುದು ಈ ಮನೆಯ ರೂಢಿ. ಈ ಸಲ ಆಕಾಶವೇ ಇರಲಿಲ್ಲ. ಪೈನ್ ಮರದ ಸೂಜಿ ಎಲೆಗಳು ಕಾಗದದ ಅಂಚಿನವರೆಗೂ ಒತ್ತಿಕೊಂಡು ನಿಂತಿದ್ದವು.

"ಷೂಯಿನ್, ನಾನೆಲ್ಲಿ ಬರೀಲಮ್ಮ? ನನ್ನ ಹಣೆ ಮೇಲಾ?"

"ಮರ ಬೆಳೀತು ಮೇಷ್ಟ್ರೇ. ನಾನೇನ್ ಮಾಡ್ಲಿ?"

ಮೇಷ್ಟ್ರ ಕೈ ನಡುಗಲು ತೊಡಗಿದಾಗಿನಿಂದ ಚಿತ್ರಗಳನ್ನೆಲ್ಲ ಬರೆಯುತ್ತಿದ್ದವಳು ಶಿಷ್ಯೆ ಷೂಯಿನ್. ಅಕ್ಷರ ಮಾತ್ರ ಅವರದು. ನಡುಗಿದ ಅಕ್ಷರವನ್ನು ಸೂಜೌ ಪಟ್ಟಣದ ಜನ ಮಾಗಿದ ಕೈಯ ಸತ್ವವೆಂದು ಕೊಂಡಾಡುತ್ತಿದ್ದರು. ನಡುಗಿದ ಎಲೆಯನ್ನು ಹಾಗೆ ಕೊಂಡಾಡುವವರಿಲ್ಲ. ಹೋದ ವಸಂತದಲ್ಲಿ ರೇಷ್ಮೆ ವ್ಯಾಪಾರಿ ಪಾನ್, ಅವಳು ತಂದಿಟ್ಟ ಚಹಾ ಕುಡಿಯುತ್ತ, ಅವಳೇ ಬರೆದ ಬಿದಿರನ್ನು ನೋಡಿ, "ಇಂಥ ಗೆರೆ ಹೆಂಗಸರ ಕೈಗೆ ದಕ್ಕೋದಲ್ಲ ಬಿಡಿ" ಎಂದಿದ್ದ. ಮೇಷ್ಟ್ರು ನಕ್ಕಿದ್ದರು.

ಈ ಪೈನ್ ಮರ ಅದೇ ಪಾನನ ತಾಯಿಯ ಹುಟ್ಟುಹಬ್ಬಕ್ಕೆ. ಒಯ್ಯಲು ಬಂದ ಆಳು ಅಂಗಳದಲ್ಲಿ ಕಾಯುತ್ತಿದ್ದ.

"ಹುಡುಗಾಟ ಸಾಕು. ಕೆಳಗಡೆ ಬಂಡೆ ಇದೆಯಲ್ಲ, ಅದರ ಮೇಲೇ ಬರೀತೀನಿ."

"ಅಲ್ಲಿ ಬರ್ದಾಗಿದೆ."

ಮೇಷ್ಟ್ರು ಬಾಗಿದರು. ಬಂಡೆಯ ಬಿರುಕುಗಳ ನಡುವೆ ಅವಳ ಹೆಸರಿತ್ತು, ಬಿರುಕಿನಷ್ಟೇ ಸಣ್ಣಗೆ. ಆ ಕಾಗದ ಹೀರಿದ ಮಸಿಯನ್ನು ಯಾರೂ ಅಳಿಸಲಾರರು. ಅವರು ಕುಂಚ ಕೆಳಗಿಟ್ಟರು.

"ಕಲಿಸಿದ್ದು ಯಾರು?"

"ನೀವು. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಬರ್ದಿದ್ದು ಯಾರು ಅಂತ ನೀವು ಹೇಳ್ತೀರಾ?"

"ಆ ಮುದುಕಿ ನಿನ್ನ ಹೆಸರು ನೋಡಿದ್ರೆ ಇವತ್ತೇ ವಾಪಸ್ ಕಳಿಸ್ತಾಳೆ."

"ಕಳಿಸ್ಲಿ. ನನ್ನ ಕೋಣೆ ಗೋಡೆ ಖಾಲಿ ಇದೆ."

"ಅದು ನನ್ನ ಮನೆ ಗೋಡೆ."

"ಹಂಗಾದ್ರೆ ಗೋಡೆ ಇರೋ ಬೇರೆ ಮನೆ ನೋಡ್ಕೋತೀನಿ."

ಹೊರಗೆ ಆಳು ಕೆಮ್ಮಿದ. ಷೂಯಿನ್ ಚಿತ್ರವನ್ನು ಸುತ್ತಿ ತಾನೇ ಅಂಗಳಕ್ಕಿಳಿದಳು.

"ಗು ಮೇಷ್ಟ್ರದ್ದು ತಾನೇ ಇದು?" ಆಳು ಕೇಳಿದ.

"ಅಲ್ಲ, ನಂದು. ನಿಮ್ಮ ಯಜಮಾನ್ರಿಗೂ ಹಂಗೇ ಹೇಳು."

ಅವನು ಅವಳ ಹೆಗಲಾಚೆ ಬಾಗಿಲ ಕಡೆ ನೋಡಿದ. ಹೊಸ್ತಿಲಲ್ಲಿ ನಿಂತಿದ್ದ ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆಳು ಒಂದು ಕ್ಷಣ ತಡೆದು, ಎರಡೂ ಕೈ ಚಾಚಿದ.

ಷೂಯಿನ್ ಎರಡೂ ಕೈಯಿಂದ ಕೊಟ್ಟಳು. ಉಗುರಿನ ಸಂದಿಯವರೆಗೂ ಮಸಿ ಹಿಡಿದ ಬೆರಳುಗಳನ್ನು ಅವನು ನೋಡುತ್ತಿದ್ದ. ಅವಳು ಅವನ್ನು ಅಂಗಿಯ ತೋಳಿನೊಳಗೆ ಎಳೆದುಕೊಳ್ಳಲಿಲ್ಲ.