ಹೊಲಿಗೆ ಅಂಗಡಿಯ ಮೆಟ್ಟಿಲು ಯಾರದು?

ಸಂಜೆಯಾದರೆ ಸಾಕು, ಹೊಲಿಗೆಯಕ್ಕನ ಎದೆ ಢವಢವ. ಅವಳ ಅಂಗಡಿಗೆ ಅಂಟಿಕೊಂಡೇ ಮದ್ಯದಂಗಡಿ. ಅಲ್ಲಿ ಬಾಟಲಿ ಕೊಂಡವರು ಇವಳ ಮೆಟ್ಟಿಲ ಮೇಲೆ ಕೂತು ಕುಡಿಯುವರು. ಬೈಗುಳ, ಹೊಡೆದಾಟ, ಗೋಡೆಗೆ ಮೂತ್ರ. ಅಳತೆ ಕೊಡಲು ಬಂದ ಹೆಣ್ಣುಮಕ್ಕಳು ಬೀದಿಯ ತಿರುವಿನಿಂದಲೇ ವಾಪಸ್. ಕೊನೆಗೊಂದು ಸಂಜೆ, ಯಾರೋ ಎಸೆದ ಬಾಟಲಿಯ ಚೂರು ಅವಳ ಮಗಳ ಹಣೆ ಸೀಳಿತು.

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದವಳು ಅಕ್ಕನ ನಾದಿನಿ. ಅಲ್ಲೇ ನರ್ಸ್ ಅವಳು.

"ಸಾಕಾಯ್ತಮ್ಮಾ. ಅಂಗಡಿ ಖಾಲಿ ಮಾಡ್ತೀನಿ," ಅಂದಳು ಅಕ್ಕ.

"ಪುಂಡಾಟ ಅವರದು, ಖಾಲಿ ಮಾಡೋದು ನೀವಾ ಅತ್ತಿಗೆ?"

"ಸರ್ಕಾರವೇ ಲೈಸೆನ್ಸ್ ಕೊಟ್ಟು ಕೂರಿಸಿದೆ. ನಮ್ಮ ಮಾತು ಯಾರು ಕೇಳ್ತಾರೆ?"

"ಲೈಸೆನ್ಸ್ ಅಂದ್ರೆ ಹೇಗೆ ಬೇಕಾದ್ರೂ ಮಾರಿ ಅಂತಲ್ಲ. ಷರತ್ತು ಹಾಕೇ ಕೊಡೋದು. ಅದರ ಅವಧಿ ಮುಗೀತಿದೆ, ಈಗ ಮಾಲೀಕರು ಅದನ್ನ ಹೊಸದಾಗಿ ಮಾಡಿಸ್ಕೋಬೇಕು ಅಂತ ಹೊರಟಿದಾರೆ. ಅಕ್ಕಪಕ್ಕದವರ ತಕರಾರು ಕೇಳೋಕೆ ಈ ವಾರವೇ ಸಭೆ. ಮದ್ಯದಂಗಡಿ ಬಾಗಿಲಿಗೇ ನೋಟಿಸ್ ಅಂಟಿಸಿದಾರೆ, ನೋಡಿಲ್ವಾ?"

"ಆ ಕಡೆ ತಲೆ ಎತ್ತಿದ್ರೆ ತಾನೆ ನೋಡೋದು!"

ಸಭೆಗೆ ಮದ್ಯದಂಗಡಿ ಮಾಲೀಕ ಗರಿಗರಿ ಅಂಗಿ ತೊಟ್ಟು ಬಂದಿದ್ದ. "ನಾನು ಮಾರ್ತೀನಿ ಅಷ್ಟೇ ಸಾರ್. ಬೀದೀಲಿ ಆಗೋದಕ್ಕೆ ನಾನು ಹೊಣೆನಾ? ಇವತ್ತಿನವರೆಗೂ ಒಬ್ಬರೂ ದೂರು ಕೊಟ್ಟಿಲ್ಲ."

"ಯಾರಾದ್ರೂ ಮಾತಾಡೋದಿದೆಯಾ?" ಲೈಸೆನ್ಸ್ ಕೊಡುವ ಅಧಿಕಾರಿ ಕೇಳಿದರು.

ಬೀದಿಯವರೆಲ್ಲ ತಲೆ ತಗ್ಗಿಸಿದರು. ಪಕ್ಕದಲ್ಲಿ ಕೂತ ಮಗಳ ಹಣೆಯ ಪಟ್ಟಿ ಕಣ್ಣಿಗೆ ಬಿದ್ದದ್ದೇ ತಡ, ಅಕ್ಕ ಎದ್ದೇ ಬಿಟ್ಟಳು.

"ದೂರು ಕೊಡದೆ ಇದ್ದದ್ದು ನೆಮ್ಮದಿಯಾಗಿದ್ವಿ ಅಂತಲ್ಲ ಸಾರ್, ಭಯ ಇತ್ತು ಅಂತ. ನನ್ನ ಮಗಳ ಹಣೆ ನೋಡಿ. ಇವರು ವ್ಯಾಪಾರ ಮಾಡ್ಲಿ. ಆದ್ರೆ ನನ್ನ ವ್ಯಾಪಾರಕ್ಕೆ ಯಾಕೆ ಕಲ್ಲು ಹಾಕ್ಬೇಕು?"

ಹಿಂದಿನ ಸಾಲಿನಿಂದ ಕ್ಷೌರದಂಗಡಿಯಣ್ಣ ಎದ್ದ. "ನಾನೂ ಈ ಮದ್ಯದಂಗಡಿ ಗಿರಾಕಿನೇ ಸಾರ್. ಆದ್ರೂ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ತೂರಾಡ್ತಾ ಬಂದವನಿಗೂ ಇವರು ಇನ್ನೊಂದು ಬಾಟಲಿ ಕೊಡ್ತಾರೆ. ಕುಡಿಯೋದು ನನ್ನಿಷ್ಟ. ಅಕ್ಕನ ಮೆಟ್ಟಿಲೇನು ನಮ್ಮಪ್ಪಂದಾ?"

ಸಭೆ ಗೊಳ್ಳೆಂದು ನಕ್ಕಿತು. ನಗುವಿನ ಜೊತೆ ಭಯವೂ ಹೋಯಿತು. ಒಬ್ಬರ ಹಿಂದೊಬ್ಬರು ಎದ್ದು ತಮ್ಮ ತಕರಾರು ಹೇಳಿದರು.

ಅಧಿಕಾರಿ ಖಡಾಖಂಡಿತವಾಗಿ ಹೇಳಿದರು: ಲೈಸೆನ್ಸ್ ಬೇಕಾದರೆ ಅಂಗಡಿಯನ್ನು ರಾತ್ರಿ ಬೇಗ ಮುಚ್ಚಬೇಕು. ಅಮಲೇರಿದವರಿಗೆ ಮಾರಕೂಡದು. ಹೊರಗೆ ಯಾರೂ ಕುಡಿಯದಂತೆ ಕಾವಲುಗಾರನನ್ನು ಇಡಬೇಕು. ತಪ್ಪಿದರೆ ಬಾಗಿಲಿಗೆ ಬೀಗ! ಮಾಲೀಕ ಎಲ್ಲಕ್ಕೂ ಒಪ್ಪಿಕೊಂಡ.

ಅಕ್ಕ ಗೆದ್ದಳು, ಬೀದಿಯೂ ಗೆದ್ದಿತು. ಈಗ ಸಂಜೆಯೇ ಅವಳಿಗೆ ಗಿರಾಕಿ ಜಾಸ್ತಿ. ಒಂದು ಹೊಲಿಗೆ ಯಂತ್ರ ಸಾಲದೆ ಇನ್ನೊಂದನ್ನು ತಂದಿದ್ದಾಳೆ.

ನಿಮ್ಮ ಬೀದಿಯಲ್ಲೂ ಇಂಥ ಕಾಟವಿದೆಯೇ? ತಲೆ ತಗ್ಗಿಸಿ ದಾಟಿಹೋಗಬೇಡಿ. ಲೈಸೆನ್ಸ್ ಕೊಡುವ ಕಚೇರಿಗೆ ಹೋಗಿ, ಆ ಅಂಗಡಿಗೆ ಯಾವ ಷರತ್ತಿದೆ, ತಕರಾರು ಹೇಗೆ ಸಲ್ಲಿಸುವುದು ಎಂದು ಕೇಳಿ. ನೆರೆಯವರನ್ನು ಜೊತೆಗೆ ಕರೆದೊಯ್ಯಿರಿ. ಕುಡಿಯುವವರನ್ನೂ ಕರೆಯಿರಿ, ಅವರ ಮನೆಯಲ್ಲೂ ಮಕ್ಕಳಿದ್ದಾರೆ.