ಹೆಸರು ಬದಲಿಸಿದರೂ ಶ್ಯಾಮಲಮ್ಮ

ಮುಂದಿನ ಸೀಟಿನ ಕಂಬಿ ಹಿಡಿದ ಹೆಂಗಸಿನ ಬಳೆ, ಗಾಜಿನವು, ಹಸಿರು, ಬಸ್ಸು ಎಗರಿದಾಗಲೆಲ್ಲ ಘಲ್ಲೆನ್ನುತ್ತವೆ, ರಾಯಕೋಟೆ ಹಿಂದೆ ಸರಿಯಿತು, ಹೊಸೂರು ಇನ್ನೂ ದೂರ, ಸದ್ಯ ಕಿಟಕಿ ಪಕ್ಕ ಜಾಗ ಸಿಕ್ಕಿತು, ಇವತ್ತು ಕೇಳಿದ್ದೆಲ್ಲ ಸಿಗುವ ದಿನ — ಬೆಳಿಗ್ಗೆ ಇದೇ ದಾರಿಯಲ್ಲಿ ಎಂಥ ತಳಮಳ, ಊರಿನ ಶ್ಯಾಮಲಮ್ಮ ತನ್ನ ಕತೆ ಬೇಡ ಅಂದುಬಿಟ್ಟರೆ ನನ್ನ ಮೊದಲ ಕಾದಂಬರಿ ಅಚ್ಚಿಗೆ ಹೋಗುವುದಿಲ್ಲ, ಅವಳನ್ನು ತೆಗೆದರೆ ಅದರಲ್ಲಿ ಉಳಿಯುವುದೇನು, ಮಣ್ಣು. ವಕೀಲ ಮುನೀಂದ್ರ ಓದಿ ನಕ್ಕಿದ್ದ, ಏನಮ್ಮಾ ಕಲ್ಪನಾ, ಶ್ಯಾಮಲಮ್ಮನ್ನ ಕಮಲಮ್ಮ ಮಾಡ್ಬುಟ್ರೆ ಆಗೋಯ್ತಾ, ಹಸೂಗೆ ತೆಲುಗಲ್ಲಿ, ಜನಕ್ಕೆ ಕನ್ನಡದಲ್ಲಿ, ಕಂಡಕ್ಟರ್‌ಗೆ ತಮಿಳಲ್ಲಿ ಬಯ್ಯೋ ಹೆಂಗ್ಸು ಈ ಸೀಮೇಲಿ ಇನ್ನೊಬ್ಳವ್ಳಾ, ಓದಿದೋರು ಗುರ್ತು ಹಿಡಿದ್ರೆ ಹೆಸ್ರು ಬದಲಾಯ್ಸಿದ್ದು ಲೆಕ್ಕಕ್ಕೇ ಬರಲ್ಲ. ಊರಿನ ಹೆಸ್ರು ಇರ್ಲಿ ಬಿಡು, ಊರು ಕೇಸ್ ಹಾಕಲ್ಲ, ಜನ ಹಾಕ್ತಾರೆ. ಅವಳ ಮೈದುನ ಕದಿರಪ್ಪ ಕುಡ್ಕೊಂಡ್ ಬಂದು ಅತ್ತಿಗೆ ಬಳೆ ಒಡೆಯೋಕೆ ಕೈ ಎಳೆದ ಅಂತ ಬರ್ದಿದ್ದೀಯ, ಕುಡ್ದಿದ್ದು ನೀನು ಕಂಡ್ಯಾ? ಕಂಡಿರಲಿಲ್ಲ, ರುಚಿಗೆಂದು ಒಗ್ಗರಣೆ ಹಾಕಿದ್ದೆ. ನಿಜ ಆದ್ರೆ ನಿಂತ್ಕೊಂಡು ವಾದಿಸ್ತೀನಿ, ಸುಳ್ಳಾದ್ರೆ ಮಾನನಷ್ಟ, ಎಲ್ಲಾ ಕಾಲ್ಪನಿಕ ಅಂತ ಮೊದಲ್ನೇ ಪುಟದಲ್ಲಿ ಹಾಕ್ಬುಟ್ರೆ ಸಾಲ್ದು, ಹೋಗಿ ಅವರ್ನೇ ಕೇಳು.

ನಾನು ಕಂಡದ್ದು ಇಷ್ಟೇ, ಆಗ ಪಕ್ಕದ ಮನೆಯ ಹುಡುಗಿ ನಾನು, ಶ್ಯಾಮಲಮ್ಮನ ಗಂಡ ತೀರಿಕೊಂಡು ದಿನಗಳಾಗಿವೆ, ಬಳೆ ಒಡೆಯಲು ಹೆಂಗಸರು ಸುತ್ತ ನಿಂತಿದ್ದಾರೆ, ಕದಿರಪ್ಪ ಅವಳ ಕೈ ಹಿಡಿದಿದ್ದಾನೆ, ಆಮೇಲೆ ಅವಳು ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುತ್ತಿದ್ದಾಳೆ, ಹಸಿರು ಬಳೆ ಘಲ್ಲು ಘಲ್ಲು, ಆ ಸದ್ದು ಕೇಳದಿದ್ದರೆ ಅವಳ ಹಸು ಹಾಲಿಳಿಸದು — ನಡುವಿನದನ್ನು ಜನರ ಬೆನ್ನು ಮರೆಮಾಡಿತ್ತು, ಅಲ್ಲಿಗೆ ನಾನು ಹೆಂಡ ಸುರಿದೆ. ಇವತ್ತು ಜಗಲಿಯ ಮೇಲೆ ಅತ್ತಿಗೆ ಮೈದುನ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು, ನಾನು ಹಸ್ತಪ್ರತಿ ಓದುತ್ತಾ ಹೋದೆ, ಕುಡಿದದ್ದು ಬಂದಾಗ ಕದಿರಪ್ಪ ಇನ್ನೊಂದು ಕಾಯಿ ಸುಲಿದ, ಶ್ಯಾಮಲಮ್ಮ ಮಾತ್ರ, ಅಯ್ಯೋ ನಿನ್ನ, ಇವ್ನೆಲ್ಲಿ ಕುಡ್ದಿದ್ನೇ, ಅಳ್ತಿದ್ದ ಕಣೆ! ದೊಡ್ಡೋರು ಹಿಡ್ಕೋ ಅಂದ್ರು, ಹಿಡ್ಕೊಂಡ, ಆಮೇಲೆ ತಾನೇ ಬುಟ್ಬುಟ್ಟ, ಹೋಗು ಅತ್ಗೆ, ಹಸು ಕೂಗ್ತೈತೆ ಅಂದ.

ನಾನು ಬರೆದದ್ದಕ್ಕಿಂತ ಎಷ್ಟು ದೊಡ್ಡದು ಅದು, ಕೇಳದೆ ಅಚ್ಚು ಹಾಕಿಸಿದ್ದರೆ ಈ ಮನುಷ್ಯ ಊರಲ್ಲಿ ಹೇಗೆ ತಲೆ ಎತ್ತುತ್ತಿದ್ದ, ಮುನೀಂದ್ರಾ, ನಿನ್ನ ಹೊಟ್ಟೆ ತಣ್ಣಗಿರಲಿ. ಶ್ಯಾಮಲಮ್ಮ, ನನ್ ಹೆಸ್ರೇ ಹಾಕು, ಕಮಲಮ್ಮ ಯಾವೋಳು ಅವ್ಳು, ನನ್ ಹಸು ಅವ್ಳಿಗ್ಯಾಕೆ ಹಾಲ್ ಕೊಡ್ತೈತೆ, ಎಂದಳು. ಕದಿರಪ್ಪ ಸಿಪ್ಪೆ ಪಕ್ಕಕ್ಕೆ ಸರಿಸಿ, ನಂದೂ ಇರ್ಲಿ ಕಣಮ್ಮ, ಕುಡ್ದಿದ್ ತಗ್ದಾಕು, ಅತ್ತಿದ್ದು ಇರ್ಲಿ. ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರು, ಮಡಿಲಿಗೆ ಅವರೆಕಾಳು ಸುರಿದರು, ಈ ಋಣ ಹೇಗೆ ತೀರಿಸಲಿ, ತೀರುವುದು ಬೇಡ, ಹಾಗೇ ಇರಲಿ — ಬಸ್ಸು ಮತ್ತೆ ಎಗರಿತು, ಘಲ್, ಅಳುವ ಗಂಡಸಿನ ಬೆರಳು ಒಂದೊಂದಾಗಿ ಸಡಿಲವಾಗುತ್ತವೆ, ಕೈ ಬಿಡುತ್ತಾನೆ, ಹಸಿರು ಬಳೆ ಮಣಿಕಟ್ಟಿಗೆ ಜಾರುತ್ತವೆ, ಒಂದೂ ಒಡೆದಿಲ್ಲ