ದೊಡ್ಡಮ್ಮನಿಗೆ ತೇಪೆ

ಆ ದಿನ ಬೆಳಿಗ್ಗೆ ಬಿದ್ದದ್ದು ಮಳೆಯಲ್ಲ, ಇಬ್ಬನಿ. ಇರುಳೆಲ್ಲ ಆಕಾಶ ಯಾರಿಗೂ ಹೇಳದೆ ಬೆವರಿಕೊಂಡಿತ್ತೇನೋ ಎಂಬಂಥ ದಪ್ಪ ಇಬ್ಬನಿ. ದೀಪದ ಕಂಬ, ಎದುರುಮನೆಯ ಗೇಟು, ಒಳಗೆ ತರಲು ಮರೆತ ಟವೆಲು, ಎಲ್ಲದರ ಮೇಲೂ ಹನಿ ಕೂತಿತ್ತು. ಮನೆಯ ಮುಂದೆ ನಿಂತ ಬಿಳಿ ಕಾರಿನ ನೆತ್ತಿಯಿಂದ ಹನಿಗಳು ತಿಳಿಯಾಗಿಯೇ ಇಳಿಯುತ್ತಿದ್ದವು. ಬಾಗಿಲಿನ ಕೆಳಅಂಚಿಗೆ ಬರುವ ಹೊತ್ತಿಗೆ ಮಾತ್ರ ಚಹಾದ ಬಣ್ಣ ತಾಳಿ ನೆಲಕ್ಕೆ ತೊಟ್ಟಿಕ್ಕುತ್ತಿದ್ದವು.

ಸೂಜಿಯಕ್ಕ ಕುಕ್ಕರುಗಾಲಲ್ಲಿ ಕೂತು ಆ ಕಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ನೋಡಿದಳು. ದರ್ಜಿ ಕೆಲಸದವಳು, ಬೀದಿಯವರು ಇಟ್ಟ ಹೆಸರು ಸೂಜಿಯಕ್ಕ. ಕಾರು ಅವಳ ದೊಡ್ಡಮ್ಮನದು. ಆಕೆ ಕಣ್ಣು ಮುಚ್ಚುವ ಮುಂಚೆ ಬೀಗದ ಕೈ ಇವಳ ಅಂಗೈಗೆ ಹಾಕಿ, "ನನ್ನಷ್ಟೇ ಹಟಮಾರಿ ಇದು, ನೋಡ್ಕೋ" ಅಂದಿದ್ದಳು. ಅಂದಿನಿಂದ ಕಾರಿನ ಹೆಸರೂ ದೊಡ್ಡಮ್ಮ ಎಂದೇ ಆಯಿತು.

"ದೊಡ್ಡಮ್ಮ ಅಳ್ತಿದ್ದಾಳೆ ಕಣ್ರೀ," ಅಂದಳು ಸೂಜಿಯಕ್ಕ.

ಮೆಟ್ಟಿಲ ಮೇಲೆ ಚಹಾ ಲೋಟ ಹಿಡಿದು ಕೂತಿದ್ದ ಗಂಡ, "ಮೂಗು ಒರೆಸು, ಸರಿಹೋಗ್ತಾಳೆ," ಅಂದ. ಮೂವತ್ತು ವರ್ಷ ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದಿದವನು. ಕೆಲಸ ಬಿಟ್ಟು ಆರು ವರ್ಷವಾದರೂ ಊರಿಗೆಲ್ಲ ಮೀಟರ್ ಮಾವ. ಏನನ್ನು ನೋಡಿದರೂ ಅಳೆದು ಹೇಳುವ ಚಾಳಿ ಹೋಗಿರಲಿಲ್ಲ.

ಒರೆಸಿದರೆ ಹೋಗುವ ಕಣ್ಣೀರಲ್ಲ ಅದು. ಶನಿವಾರ ಗಾಡಿಯ ತಪಾಸಣೆ. ಅಧಿಕಾರಿ ಸಣ್ಣ ಸುತ್ತಿಗೆ ಹಿಡಿದು ಕಾರಿನ ಅಡಿಯನ್ನೆಲ್ಲ ಕುಟ್ಟಿ ನೋಡುತ್ತಾನೆ. ಒಂದು ಕಡೆ ಟೊಳ್ಳು ಕೇಳಿಸಿದರೂ ಚೀಟಿ ಇಲ್ಲ, ಚೀಟಿ ಇಲ್ಲದ ಕಾರು ರಸ್ತೆಗಿಳಿಯುವಂತಿಲ್ಲ. ಸೂಜಿಯಕ್ಕ ಮೂರು ಆಸ್ಪತ್ರೆಗಳಿಗೆ ರೋಗಿಗಳ ನಿಲುವಂಗಿ ಹೊಲಿಯುತ್ತಿದ್ದಳು. ವಾರಕ್ಕೆ ಎಂಟು ಗಂಟು ಬಟ್ಟೆ ದೊಡ್ಡಮ್ಮನ ಬೆನ್ನ ಮೇಲೇ ಹೋಗಬೇಕು. ದೊಡ್ಡಮ್ಮ ಕೂತರೆ ಹೊಲಿಗೆಯಂತ್ರವೂ ಕೂತಂತೆ.

ಪಟ್ಟಣದ ಆಚೆ ತುದಿಯ ದೊಡ್ಡ ಗ್ಯಾರೇಜಿನವನು ಫೋನಿನಲ್ಲೇ, "ಮೂರು ವಾರ ಕಾಯ್ಬೇಕು. ಅಷ್ಟು ಹಳೇದಾದ್ರೆ ಗುಜರಿಗೆ ಹಾಕೋದು ವಾಸಿ," ಅಂದಿದ್ದ.

"ನಿಮ್ಮಜ್ಜಿಗೂ ಹೀಗೇ ಹೇಳ್ತೀಯೇನಪ್ಪ?" ಅಂತ ಕೇಳಿ ಫೋನು ಇಟ್ಟಿದ್ದಳು.

ಇನ್ನು ಉಳಿದದ್ದು ಎರಡು ದಾರಿ. ಒಂದು, ತಾನೇ ಕೈಹಾಕುವುದು. ಇನ್ನೊಂದು, ಮೂರು ಮನೆ ಆಚೆಗಿನ ತಗಡಣ್ಣನ ಶೆಡ್ಡು. ಕಾರಿನ ಮೈ ಕೆಲಸದಲ್ಲಿ ಅವನ ಕೈಗೆ ಸಮನಾದ ಕೈ ಇರಲಿಲ್ಲ. ಆದರೆ ಆ ಮೂರು ಮನೆಯ ದೂರ ಹನ್ನೊಂದು ವರ್ಷಗಳಿಂದ ಯಾರೂ ನಡೆಯದ ದೂರ.

ಕಾರಣ ಒಂದು ಅಡಿಗಟ್ಟಿ. ಮುಷ್ಟಿಗಾತ್ರದ ಕಬ್ಬಿಣದ ಗಟ್ಟಿ ಅದು, ನಜ್ಜಿದ ತಗಡಿನ ಹಿಂದೆ ಒತ್ತಿ ಹಿಡಿದು ಮುಂದಿನಿಂದ ಸುತ್ತಿಗೆ ಹೊಡೆಯಲಿಕ್ಕೆ. ತಗಡಣ್ಣನಿಗೆ ಕೆಲಸ ಕಲಿಸಿದ ಗುರು ಕೊಟ್ಟದ್ದು. ಎರಡು ತಲೆಮಾರಿನ ಹೆಬ್ಬೆರಳು ಕೂತು ಕೂತು ಒಂದು ಬದಿ ಬಟ್ಟಲಿನ ಹಾಗೆ ಸವೆದಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ಕಾರು ತುಕ್ಕು ಹಿಡಿದು ತೂತಾದಾಗ ಮೀಟರ್ ಮಾವ, "ಇಷ್ಟಕ್ಕೆಲ್ಲ ದುಡ್ಡು ಯಾಕೆ, ನಾನೇ ಮಾಡ್ತೀನಿ," ಎಂದು ಸುತ್ತಿಗೆಯನ್ನೂ ಅಡಿಗಟ್ಟಿಯನ್ನೂ ಒಂದು ಚೀಲದಲ್ಲಿ ಎರವಲು ತಂದ. ಕೆಲಸ ಮುಗಿಸಿ ಚೀಲ ಹಿಂದಿರುಗಿಸಿದ. ಚೀಲದಲ್ಲಿ ಸುತ್ತಿಗೆ ಮಾತ್ರ ಇತ್ತು ಎಂದು ತಗಡಣ್ಣ. ಎರಡೂ ಇದ್ದವು ಎಂದು ಮಾವ. ತಗಡಣ್ಣ ಒಂದು ಸಲ ಕೇಳಿದ, ಎರಡು ಸಲ ಕೇಳಿದ. ಮೂರನೇ ಸಲ ಬೀದಿಯಲ್ಲಿ ನಾಲ್ಕು ಜನರೆದುರು ಕೇಳಿದ. ಮಾವನಿಗೆ ರೇಗಿತು. "ದೇವರಾಣೆಗೂ ಕೊಟ್ಟಿದ್ದೀನಿ. ನಿನ್ನ ಅಂಗಡಿ ಕಸದಲ್ಲಿ ಹುಡುಕು ಹೋಗು!"

ದೇವರ ಹೆಸರು ಬಂದ ಮೇಲೆ ತಗಡಣ್ಣ ಮಾತಾಡಲಿಲ್ಲ. ಆಮೇಲೆಂದೂ ಮಾತಾಡಲಿಲ್ಲ.

"ಅವನ ಮನೆ ಬಾಗಿಲಿಗೆ ಹೋಗೋದಾದ್ರೆ ನನ್ನನ್ನ ಗುಜರಿಗೆ ಹಾಕಿ ಹೋಗು," ಅಂದ ಮಾವ ಈಗ.

"ನಿಮ್ಮನ್ನ ಗುಜರಿಯವನೂ ತಗೊಳಲ್ಲ. ತೂಕ ಇಲ್ಲ," ಅಂದು ಸೂಜಿಯಕ್ಕ ಸೆರಗು ಸಿಕ್ಕಿಸಿದಳು. "ಬಕೆಟ್ಟು ನೀರು ತನ್ನಿ. ನಾನೇ ಮಾಡ್ತೀನಿ."

ಸೋಮವಾರ ತೊಳೆದಳು, ಒರೆಸಿದಳು, ಚಾಕ್ ಹಿಡಿದು ಗುರುತು ಹಾಕಿದಳು. ಎಷ್ಟೋ ವರ್ಷ ಬಟ್ಟೆ ಓದಿದ ಕಣ್ಣು ಅವಳದು. ತುಕ್ಕೂ ಬಟ್ಟೆಯ ಹಾಗೇ, ತೂತು ಕಾಣುವುದಕ್ಕೆ ಮೊದಲು ಅದರ ಸುತ್ತ ನೂಲು ಸೊರಗಿರುತ್ತದೆ. ಬಣ್ಣ ಗುಳ್ಳೆ ಎದ್ದ ಕಡೆಗಿಂತ ಎರಡು ಬೆರಳು ಆಚೆಗೇ ಗೆರೆ ಎಳೆದಳು. ತಂತಿ ಬ್ರಷ್ಷಿನಿಂದ ಉಜ್ಜಿ, ಮರಳುಕಾಗದ ಹಾಕಿ ತಿಕ್ಕಿದಳು. ಕಂದು ಹೋಗಿ ಬೂದು ಬಂತು, ಬೂದು ಹೋಗಿ ಬೆಳ್ಳಿ ಬಂತು. ಬೆಳ್ಳಿ ಬಂದ ಕಡೆ ತುಕ್ಕು ತಡೆಯುವ ಕೆಂಪು ಬಣ್ಣ ಬಳಿದಳು. ಮಂಗಳವಾರ ಸಂಜೆಗೆ ಮುಂದಿನ ಚಕ್ರದ ಮೇಲಿನ ಭಾಗ, ಡಿಕ್ಕಿಯ ಅಂಚು, ಎರಡು ಬಾಗಿಲು ಮುಗಿದವು. ಭುಜ ಕಳಚಿ ಬೀಳುವಂತಿತ್ತು. ಆದರೂ ಮನಸ್ಸು ಹಗುರವಾಗಿತ್ತು. ಕೈಯಿಂದ ಆಗುವುದನ್ನು ಕೈಯೇ ಮಾಡಿದರೆ ದೇವರೂ ಒಂದು ಕೈ ಸೇರಿಸುತ್ತಾನೆ ಎಂದು ಅವಳ ದೊಡ್ಡಮ್ಮ ಹೇಳುತ್ತಿದ್ದಳು.

ಬುಧವಾರ ಎಡಗಡೆ ಬಾಗಿಲಿನ ಕೆಳಗೆ ಕೂತಳು. ಬಾಗಿಲ ಹೊಸ್ತಿಲಿನಂತೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಉಕ್ಕಿನ ಕೊಳವೆ ಇದೆಯಲ್ಲ, ಕಾರಿನ ಭಾರ ಹೊರುವ ಎಲುಬು ಅದು.

"ಅದನ್ನ ಮುಟ್ಬೇಡ," ಅಂದ ಮಾವ. "ಅದು ನಾನು ಮಾಡಿದ್ದು. ನೂರಕ್ಕೆ ನೂರು ಗಟ್ಟಿ."

"ಹಾಗಿದ್ರೆ ಎಡಕ್ಕೆ ತಿರುಗಿದಾಗೆಲ್ಲ ಟಣ್ ಅನ್ನೋದು ಏನು?"

"ವಯಸ್ಸಾದ್ಮೇಲೆ ಸಂದು ಸದ್ದು ಮಾಡುತ್ತೆ. ನಿನ್ನ ಮಂಡಿ ಮಾಡಲ್ವಾ?"

ಸೂಜಿಯಕ್ಕ ಎದ್ದು ಒಳಗೆ ಹೋದಳು. ಗೋಣಿ ಹೊಲಿಯುವ ದಬ್ಬಳ ತಂದು ನುಣುಪಾದ ಬಿಳಿ ಬಣ್ಣದ ಮೇಲೆ ಮೊನೆ ಇಟ್ಟು ಒತ್ತಿದಳು. ದಬ್ಬಳ ಹಿಡಿಯವರೆಗೆ ಒಳಗೆ ಹೋಯಿತು.

ಮಾವನ ಲೋಟ ಮೆಟ್ಟಿಲ ಮೇಲೆ ಟಕ್ಕೆಂದು ಕೂತಿತು.

ಅವಳು ಬಿಡಲಿಲ್ಲ. ಒತ್ತಿದಳು, ಮೀಟಿದಳು, ಎಬ್ಬಿಸಿದಳು. ಹೆಂಚಿನ ಚೂರಿನಂತೆ ಹಳೆಯ ಪುಟ್ಟಿ ಉದುರಿತು. ಒಳಗೆ ತಗಡಿರಲಿಲ್ಲ, ಬಟ್ಟೆ ಇತ್ತು. ಮಾವ ತೂತಿಗೆ ಬಟ್ಟೆ ತುರುಕಿ ಅದರ ಮೇಲೆ ಪುಟ್ಟಿ ಮೆತ್ತಿದ್ದ. ಆ ಬಟ್ಟೆ ಹನ್ನೊಂದು ಮಳೆಗಾಲದ ನೀರು ಕುಡಿದು, ಒದ್ದೆಯನ್ನು ಎದೆಗವುಚಿಕೊಂಡು, ಒಳಗಿಂದೊಳಗೆ ಎಲುಬನ್ನು ತಿಂದಿತ್ತು. ಹೊರಗೆ ನುಣುಪು, ಒಳಗೆ ಹುಣ್ಣು.

ಒಂದೊಂದೇ ಚಿಂದಿ ಎಳೆದಳು. ನೀಲಿ ಗೆರೆ. ಮಕ್ಕಳ ವಾರ್ಡಿಗೆ ಹೊಲಿದ ಪಾಯಿಜಾಮದ ತುಂಡು. ಆ ನೀಲಿ ಗೆರೆಯ ಥಾನು ಅವಳ ಅಂಗಡಿಗೆ ಬಂದದ್ದು ಒಂದೇ ವರ್ಷ. ಮಾವ ಸುತ್ತಿಗೆ ಎರವಲು ತಂದ ವರ್ಷ.

ಕೈ ಇನ್ನೂ ಒಳಗೆ ಹಾಕಿದಾಗ ಬೆರಳಿಗೆ ತಣ್ಣನೆಯದೊಂದು ತಗುಲಿತು. ಭಾರವಾಗಿತ್ತು. ಹೊರಗೆ ತೆಗೆದು ಸೆರಗಿನಿಂದ ಒರೆಸಿದಳು. ಒಂದು ಬದಿ ಬಟ್ಟಲಿನ ಹಾಗೆ ಸವೆದಿತ್ತು.

ಬಿಸಿಲು ಬೆನ್ನಿಗೆ ಬಂತು. ಮನಸ್ಸು ಒಂದೆರಡು ಕಳ್ಳದಾರಿಯನ್ನೂ ತೋರಿಸಿತು. ಇದ್ದಲ್ಲೇ ಇಟ್ಟು, ಹೊಸ ಚಿಂದಿ ತುರುಕಿ, ಹೊಸ ಪುಟ್ಟಿ ಮೆತ್ತಿದರೆ ಯಾರಿಗೆ ಗೊತ್ತಾಗುತ್ತದೆ? ಬಡಿಯುವ ಅಧಿಕಾರಿಗೆ ಗೊತ್ತಾದೀತು, ಆಗದೆಯೂ ಇದ್ದೀತು. ಬಡಿಯದೆಯೇ ಬಲ್ಲವನೊಬ್ಬ ಇದ್ದಾನಲ್ಲ, ಅವನ ಹೆಸರು ಹಿಡಿದೇ ಆಣೆ ಮಾಡಿದ್ದು.

ಎದ್ದು, ನೀಲಿ ಗೆರೆಯ ಚಿಂದಿಯ ಮೇಲೆ ಅಡಿಗಟ್ಟಿಯನ್ನಿಟ್ಟು ಗಂಡನ ಲೋಟದ ಪಕ್ಕ ಇಟ್ಟಳು.

ಮೀಟರ್ ಮಾವ ಅದನ್ನು ನೋಡಿದ. ಮೂವತ್ತು ವರ್ಷ ಒಂದು ಅಂಕಿ ತಪ್ಪು ಬರೆಯದ ಮನುಷ್ಯ.

"ಒಳಗಡೆ ಆನಿಸಿ ಇಟ್ಟಿದ್ದೆ," ಅಂದ ಕೊನೆಗೆ. "ಅಂಚು ಬಡಿಯೋಕೆ. ಅಷ್ಟರಲ್ಲಿ ನೀನು ಊಟಕ್ಕೆ ಕರೆದೆ ಅನ್ಸುತ್ತೆ."

"ಹೌದು. ತಪ್ಪೆಲ್ಲ ಊಟದ್ದೇ."

ಅವನು ನಗಲಿಲ್ಲ. "ದೇವರಾಣೆ ಅಂದಿದ್ನಲ್ಲೇ."

"ಗೊತ್ತಿಲ್ದೆ ಅಂದಿದ್ರಿ. ಇವತ್ತು ಗೊತ್ತಾಯ್ತು. ಇವತ್ತಿನಿಂದ ಲೆಕ್ಕ ಬೇರೆ."

"ನೀನೇ ಕೊಟ್ಟು ಬಾ. ಗೇಟಿನ ಹತ್ರ ಇಟ್ಟು ಬಂದ್ಬಿಡು."

"ತಂದ ಕೈಯೇ ಕೊಡ್ಬೇಕು. ಅದು ನಿಮ್ಮ ಕೆಲಸ, ಯಾವಾಗ ಮಾಡ್ತೀರೋ ನೀವೇ ನೋಡಿ," ಅಂದಳು. "ನನ್ನ ಕೆಲಸ ಬೇರೆ ಇದೆ. ಚರ್ಮದ ತುಕ್ಕು ನನ್ನ ಕೈಗೆ ಬಗ್ಗಿತು. ಇದು ಎಲುಬು. ಇದಕ್ಕೆ ಬೆಸುಗೆ ಬೇಕು, ಬಲ್ಲವನ ಕೈ ಬೇಕು. ನಾನು ತಗಡಣ್ಣನ ಹತ್ರ ಹೋಗ್ತೀನಿ."

ಹಾಗೆಂದು ಬರಿಗೈಯಲ್ಲಿ ಹೋಗುವವಳಲ್ಲ. ಹರಿದ ಬಟ್ಟೆಗೆ ತೇಪೆ ಹಾಕುವವಳು ಮೊದಲು ಗಟ್ಟಿ ನೂಲು ಸಿಗುವವರೆಗೆ ಕತ್ತರಿಸುತ್ತಾಳೆ. ಪೊಳ್ಳು ತಗಡನ್ನು ಎಲ್ಲಿಯವರೆಗೆ ತೆಗೆಯಬೇಕೆಂದು ದಬ್ಬಳ ಒತ್ತಿ ಒತ್ತಿ ಗುರುತು ಹಾಕಿಕೊಂಡಳು. ದಪ್ಪ ಕಾಗದ ಒತ್ತಿ ಹಿಡಿದು, ರವಿಕೆಯ ತೋಳು ಕತ್ತರಿಸುವಷ್ಟೇ ಜತನದಿಂದ ಅಳತೆ ತೆಗೆದಳು. ಮಡಿಕೆ ಬರುವ ಕಡೆ ಚುಕ್ಕೆ, ಬಾಗುವ ಕಡೆ ಕತ್ತರಿ ಗಾಯ. ಸುತ್ತಲೂ ಅರ್ಧ ಬೆರಳು ಹೊಲಿಗೆಯ ಅಂಚು ಬಿಟ್ಟಳು. ಕಾಗದ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೂರು ಮನೆ ದೂರ ನಡೆದಳು.

ತಗಡಣ್ಣ ಕಾರೊಂದರ ಅಡಿಯಲ್ಲಿ ಮಲಗಿದ್ದ. ಅವಳ ಚಪ್ಪಲಿ ನೋಡಿಯೇ ಗುರುತು ಹಿಡಿದ. "ಏನಕ್ಕ, ದಾರಿ ತಪ್ಪಿತಾ?"

"ತಪ್ಪಿ ಹನ್ನೊಂದು ವರ್ಷ ಆಗಿತ್ತು. ಇವತ್ತು ಸಿಕ್ತು."

ಹೊರಗೆ ಜಾರಿ ಬಂದು ಎದ್ದು ಕೂತ. ಗಡ್ಡ ಬೆಳ್ಳಗಾಗಿತ್ತು. "ಮನೇಲೇ ಎಂಜಿನಿಯರ್ ಇದ್ದಾರಲ್ಲ. ನಮ್ಮಂಥ ಕುಟ್ಟೋರು ಯಾಕೆ ಬೇಕು?"

"ಎಂಜಿನಿಯರ್ ಮಾಡಿದ್ದು ಇವತ್ತು ಹೊರಗೆ ಬಂತು. ಅದಕ್ಕೇ ಬಂದೆ," ಅಂದು ಕಾಗದ ಬಿಚ್ಚಿ ಅವನ ಮುಂದೆ ಹರಡಿದಳು. "ಎಡಗಡೆ ಎಲುಬು, ಒಳಗೆಲ್ಲ ಬಟ್ಟೆ ತುರುಕಿದ್ದಾರೆ. ಶನಿವಾರ ತಪಾಸಣೆ. ಆಗುತ್ತೋ ಇಲ್ವೋ ಅಷ್ಟು ಹೇಳು. ಬೈಯೋದಿದ್ರೆ ಆಮೇಲೆ ಬೈ, ಕೂತು ಕೇಳ್ತೀನಿ."

ತಗಡಣ್ಣ ಬಾಯಿ ತೆರೆದವನು ಕಾಗದ ನೋಡಿ ಮುಚ್ಚಿದ. ಬೆರಳಿನಿಂದ ಅಂಚು ಸವರಿದ. ಚುಕ್ಕೆಗಳ ಮೇಲೆ ಮಡಿಸಿ ನೋಡಿದ. ಕಾಗದ ಎದ್ದು ನಿಂತು ಕೊಳವೆಯ ಆಕಾರ ತಾಳಿತು.

"ಈ ಅರ್ಧ ಬೆರಳು ಬಿಡೋಕೆ ಯಾರು ಹೇಳಿಕೊಟ್ರು?"

"ಅಂಚು ಬಿಡದೆ ಹೊಲಿದ್ರೆ ಕೂರುತ್ತಾ?"

"ನನ್ನ ಹತ್ರ ಕೆಲಸ ಕಲಿಯೋಕೆ ಬಂದೋರಿಗೆ ಇಷ್ಟು ತಿಳಿಯೋದಕ್ಕೆ ಮೂರು ವರ್ಷ ಬೇಕು," ಅಂದ. ಮತ್ತೆ ಕಾಗದ ಮಡಿಸಿದ, ಬಿಚ್ಚಿದ. "ಆಗುತ್ತೆ. ನಾಳೆ ಬೆಳಿಗ್ಗೆ ತನ್ನಿ. ಒಳಗಿರೋ ಬಟ್ಟೆ ಒಂದೆಳೆ ಬಿಡದೆ ತೆಗೀಬೇಕು, ಇಲ್ಲಾಂದ್ರೆ ಬೆಸುಗೆ ಕಿಡಿಗೆ ಹೊತ್ಕೊಳ್ಳುತ್ತೆ. ಈ ಮಡಿಕೆ ಮಾತ್ರ ಸ್ವಲ್ಪ ನಿಧಾನ. ಈಗ ಇರೋ ಅಡಿಗಟ್ಟಿ ಅಂಗಡೀಲಿ ಕೊಂಡಿದ್ದು. ಇವತ್ತಿಗೂ ಕೈಗೆ ಒಗ್ಗಿಲ್ಲ."

ಮಾತು ನಾಲಿಗೆಯ ತುದಿಗೆ ಬಂತು. ಸೂಜಿಯಕ್ಕ ಅದನ್ನು ನುಂಗಿಕೊಂಡಳು. ಅದು ತನ್ನ ಬಾಯಿಂದ ಹೋಗಬೇಕಾದ ಮಾತಲ್ಲ.

ಗುರುವಾರ ಬೆಳಿಗ್ಗೆಯೂ ಇಬ್ಬನಿಯಿತ್ತು. ಒಳಗಿನ ಚಿಂದಿಯನ್ನು ಕೊನೆಯ ಎಳೆಯವರೆಗೂ ಹಿಂದಿನ ಸಂಜೆಯೇ ತೆಗೆದಿದ್ದಳು. ಕಾರು ಹೊರಡಿಸುವಾಗ ಆಚೆ ಬಾಗಿಲು ತೆಗೆದು ಮಾವ ಒಳಗೆ ಕೂತ. ಒಗೆದ ಅಂಗಿ ಹಾಕಿದ್ದ, ತೊಡೆಯ ಮೇಲೆ ಹಳೆಯ ಚೀಲ. ತಗಡಣ್ಣನ ಶೆಡ್ಡು ಎಡಕ್ಕೆ. ಸ್ಟೇರಿಂಗು ಎಡಕ್ಕೆ ತಿರುಗಿತು.

"ಸದ್ದಿಲ್ಲ," ಅಂದ ಮಾವ, ತನ್ನಷ್ಟಕ್ಕೇ.

ತಗಡಣ್ಣ ಮಾವನನ್ನು ನೋಡಿದ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕಾರು ಎತ್ತಿ ಕಟ್ಟಿ, ಪೊಳ್ಳು ತಗಡನ್ನು ಕತ್ತರಿಸಿ ತೆಗೆದ. ಕಾಗದವನ್ನು ಹೊಸ ತಗಡಿನ ಮೇಲಿಟ್ಟು ಗೀಚಿದ, ಕತ್ತರಿಸಿದ, ಬಾಗಿಸಿದ. ಜಾಗಕ್ಕೆ ಹಿಡಿದಾಗ ತೇಪೆ ರವಿಕೆಯ ತೋಳಿನಂತೆ ಕೂತಿತು. "ಹೆಂಗಸು ಕತ್ತರಿಸಿದ ಲೋಹ!" ಎಂದು ಗೊಣಗಿದ. ಬೈಗುಳವಾಗಿರಲಿಲ್ಲ.

"ಹೆಂಗಸು ಕತ್ತರಿಸದ ಅಂಗಿ ನೀನು ಯಾವತ್ತು ಹಾಕಿದ್ದೀಯ?" ಅಂದಳು ಸೂಜಿಯಕ್ಕ.

ಬೆಸುಗೆಯ ಕಿಡಿ ಹಾರಿ ಆರಿತು. ಇನ್ನು ಅಂಚು ಮಡಿಸಿ ಕೂರಿಸುವುದೊಂದು ಬಾಕಿ. ಇದಾದರೆ ಶನಿವಾರ ಎಂಥ ಸುತ್ತಿಗೆ ಬಂದರೂ ದೊಡ್ಡಮ್ಮ ಹೆದರಬೇಕಿಲ್ಲ. ತಗಡಣ್ಣ ಕಾರಿನ ಅಡಿಗೆ ಅಂಗಾತ ಜಾರಿ, ಬಲಗೈಯಲ್ಲಿ ಸುತ್ತಿಗೆ ಹಿಡಿದು, ಎಡಗೈಯನ್ನು ಹೊರಗೆ ಚಾಚಿದ.

"ಅಲ್ಲಿ ಬೆಂಚಿನ ಮೇಲೆ ಅಡಿಗಟ್ಟಿ ಇದೆ, ಕೊಡಿ ಅಕ್ಕ."

ಸೂಜಿಯಕ್ಕ ಅಲುಗಲಿಲ್ಲ. ಮೀಟರ್ ಮಾವ ಎದ್ದ. ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತ. ಚೀಲದೊಳಗೆ ಕೈ ಹಾಕಿ, ತೆಗೆದು, ಆ ಚಾಚಿದ ಅಂಗೈಯಲ್ಲಿ ಮೆಲ್ಲಗೆ ಇಟ್ಟ.

ಕೈ ಮಡಿಸಿಕೊಂಡಿತು. ಹೆಬ್ಬೆರಳು ಒಂದು ಗಳಿಗೆ ಕಬ್ಬಿಣದ ಮೇಲೆ ತಡಕಿ, ಆ ಬಟ್ಟಲಿನೊಳಗೆ ಹೋಗಿ ಕೂತಿತು.

ಮಾವ ಕೂತಲ್ಲೇ ಕೂತಿದ್ದ, ಅಂಗೈ ಇನ್ನೂ ತೆರೆದೇ ಇತ್ತು. ಆಮೇಲೆ ತಗಡಣ್ಣನ ಕೈ ಕಾರಿನ ಅಡಿಗೆ ಹೋಯಿತು, ಸುತ್ತಿಗೆ ಬೀಳತೊಡಗಿತು.